ಸೆರಗಿನ ಕೆಂಪು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನವಣಕ್ಕಿ ತೊಳೆಯುತ್ತ ನಿಂತಿದ್ದ ಗಂಗಾಂಬಿಕಾಳ ಬಾಯಲ್ಲಿ ನೀರೂರಿತು. ನವಣಕ್ಕಿಯನ್ನು ಕಂಡು ಬಾಯಲ್ಲಿ ನೀರೂರಿದವರು ಹೊಸಪೇಟೆಯಲ್ಲಿ ಈವರೆಗೆ ಯಾರೂ ಇಲ್ಲ, ಅದು ಅವಳಿಗೂ ಗೊತ್ತಿತ್ತು. ಊರಿದ್ದು ಬೇರೆಯದಕ್ಕೆ. ಕಣ್ಣು ಮುಚ್ಚಬೇಕಾಗಿಯೂ ಇರಲಿಲ್ಲ. ತೆರೆದ ಕಣ್ಣಿನ ಮುಂದೆಯೇ, ನಲ್ಲಿಯ ನೀರಿನ ಆಚೆ, ಆ ಕರಿ ಕಡಾಯಿ ಬಂದು ನಿಂತಿತು. ಅದರೊಳಗೆ ಕೆಂಪಗೆ ಹೊರಳಾಡುವ ಹೂಕೋಸಿನ ತುಂಡುಗಳು, ಹಿಡಿಹಿಡಿಯಾಗಿ ಬೀಳುವ ಹೆಚ್ಚಿದ ಬೆಳ್ಳುಳ್ಳಿ, ಸೌಟಿನ ಟಣ್ ಟಣ್, ಆಮೇಲೆ ಒಮ್ಮೆಲೇ ಮೂಗಿಗೆ ಅಡರುವ ಆ ಹುಳಿ-ಖಾರದ ಹೊಗೆ. ಶ್ರಾವಣ ಸೋಮವಾರ ಬೇರೆ! ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಬಾಯಲ್ಲಿ ಗೋಬಿ ಮಂಚೂರಿಯ ನೀರು. 'ಶಿವ ಶಿವಾ' ಎಂದು ನುಂಗಿದಳು. ನುಂಗಿದರೆ ಮತ್ತೆ ಊರಿತು.

ಅವಳು ಅಂಥಿಂಥ ಹೆಂಗಸಲ್ಲ, ಅಕ್ಕನ ಬಳಗದ ಅಧ್ಯಕ್ಷೆ. ಪ್ರತಿ ಸೋಮವಾರ ನಾಲ್ಕು ಗಂಟೆಗೆ ಅವಳೂ ಸೇರಿ ಇಪ್ಪತ್ತೇಳು ಹೆಂಗಸರು ಬಳಗದ ಸಭಾ ಹಾಲಿನಲ್ಲಿ ಜಮಖಾನದ ಮೇಲೆ ಕೂತು ಅರ್ಧ ತಾಸು ವಚನ ಹಾಡಿ, ಉಳಿದ ಒಂದು ತಾಸು ಮೈದಾಹಿಟ್ಟಿನ ದುಷ್ಟತನವನ್ನು ಅವಳ ಬಾಯಿಂದ ಕೇಳುತ್ತಿದ್ದರು. ಮೈದಾ ಕರುಳಿಗೆ ಅಂಟುತ್ತದೆ, ಟೇಸ್ಟಿಂಗ್ ಪೌಡರು ನಾಲಿಗೆಯನ್ನು ಆಳು ಮಾಡಿಕೊಳ್ಳುತ್ತದೆ, ಕೆಂಪು ಬಣ್ಣದ ಪುಡಿ ಬಟ್ಟೆಗೆ ಹಾಕುವುದೇ ಹೊರತು ಹೊಟ್ಟೆಗಲ್ಲ. ಊರಿಗೆ ಕಬ್ಬಿಣದ ಅದಿರಿನ ದುಡ್ಡು ಬಂದು, ಮೂಲೆಮೂಲೆಗೆ ತಿಂಡಿ ಬಂಡಿಗಳು ಎದ್ದು, ನಿನ್ನೆಯವರೆಗೆ ಸೈಕಲ್ ತುಳಿದವರು ಕಾರಿನಿಂದ ಇಳಿದು ನೂಡಲ್ಸ್ ಜಗ್ಗುತ್ತಿದ್ದ ಆ ವರ್ಷಗಳಲ್ಲಿ, ಅವಳ ಮಾತು ಕೇಳಿ ಊರಿನ ಚಿತ್ತವಾಡ್ಗಿ ಭಾಗದ ಎಷ್ಟೋ ಮನೆಗಳಲ್ಲಿ ರಾತ್ರಿಗೆ ರೊಟ್ಟಿ, ಹೆಸರುಕಾಳು, ಅಗಸಿ ಚಟ್ನಿ ವಾಪಸ್ಸು ಬಂದಿದ್ದವು. ಇದು ಸುಳ್ಳಲ್ಲ. ಗಂಡ ಮಲ್ಲೇಶನಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ. ಸೋನಾಮಸೂರಿಯನ್ನು ಹಾಲಿನಂತೆ ಬೆಳ್ಳಗೆ ಮಾಡಿ ಊರೂರಿಗೆ ಕಳಿಸುವ ಸಾವುಕಾರನಿಗೆ ಮನೆಯಲ್ಲಿ ಆರು ವರ್ಷದಿಂದ ನವಣೆ ಅನ್ನ. "ನಮ್ಮ ಗಿರಣಿ ಅಕ್ಕಿ ಅಂದ್ರ ಹೆಣ್ಣು ಮಗಳಿದ್ದಂಗ ಬಿಡು ಗಂಗಾ, ಎಷ್ಟು ಚೆಂದ ಬೆಳಸಿದ್ರೂ ಮಂದಿ ಮನೀಗೇ ಹೋಗೋದು" ಎಂದು ಅವನು ನಗುತ್ತಿದ್ದ. ನಗುತ್ತಲೇ ತಿನ್ನುತ್ತಿದ್ದ. ಅವನ ರಕ್ತದ ಸಕ್ಕರೆ ಇಳಿದಿತ್ತು. ಹಾಗಾಗಿ ಅವಳನ್ನು ಮೋಸಗಾರ್ತಿ ಎಂದು ಸುಲಭವಾಗಿ ಅಂದುಬಿಡುವ ಹಾಗಿಲ್ಲ; ಹೇಳಿದ್ದರಲ್ಲಿ ಒಂದಕ್ಷರವೂ ಅವಳಿಗೆ ಸುಳ್ಳೆನಿಸಿರಲಿಲ್ಲ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂಬ ಗಾದೆ ಮಾಡಿದವರಿಗೆ, ಪುರಾಣವೂ ಬದನೆಕಾಯಿಯೂ ಒಂದೇ ಬಾಯಿಗೆ ಅಷ್ಟೇ ರುಚಿಯಾಗಬಹುದು ಎಂಬುದು ಗೊತ್ತಿರಲಿಕ್ಕಿಲ್ಲ.

ಮಲ್ಲೇಶನದೇ ತಪ್ಪು, ನಿಜವಾಗಿ ನೋಡಿದರೆ. ನಾಲ್ಕು ವರ್ಷದ ಹಿಂದೆ ಹಂಪಿ ಉತ್ಸವಕ್ಕೆ ಹೋದಾಗ, ಜನಜಂಗುಳಿಯಲ್ಲಿ ಅವಳನ್ನು ಒಂದು ಕಲ್ಲುಮಂಟಪದ ಮೆಟ್ಟಿಲ ಮೇಲೆ ಕೂಡಿಸಿ, ಭಜಿ ತರುತ್ತೇನೆಂದು ಹೋದವನು ತಂದದ್ದು ಗೋಬಿ. "ಭಜಿ ಮುಗದಾವಂತ, ಇದೇನೋ ಐತಿ, ತಿನ್ನು" ಎಂದು ಕೊಟ್ಟು, ತಾನೊಂದು ತುಂಡು ಬಾಯಿಗಿಟ್ಟುಕೊಂಡು, "ಥೂ, ಏನ್ ಖಾರಲೇ ಇದು" ಎಂದು ಉಗುಳಿ ನೀರು ಹುಡುಕಿಕೊಂಡು ಹೋದ. ಅವನು ಮರೆತುಬಿಟ್ಟ. ಅವಳು ಮರೆಯಲಿಲ್ಲ. ದೂರದಲ್ಲಿ ಡೊಳ್ಳು ಬಾರಿಸುತ್ತಿದ್ದರು, ಗೋಪುರಕ್ಕೆ ಬಣ್ಣದ ದೀಪ ಬಿಟ್ಟಿದ್ದರು, ಅವಳು ಮಾತ್ರ ತನ್ನ ನಾಲಿಗೆಯಲ್ಲಿ ನಡೆಯುತ್ತಿದ್ದ ಉತ್ಸವವನ್ನು ಒಬ್ಬಳೇ ನೋಡುತ್ತ ಕೂತಿದ್ದಳು. ನಲವತ್ನಾಲ್ಕು ವರ್ಷ ಈ ಬಾಯಿ ಯಾವ ಊರಲ್ಲಿತ್ತು ಎಂದು ಅವಳಿಗೆ ಆಗ ಅನಿಸಿತ್ತು. ಈಗ ನವಣಕ್ಕಿಯ ನೀರು ಬಸಿದು ಒಲೆಯ ಮೇಲಿಟ್ಟಳು. ಇವತ್ತು ನಾಲ್ಕು ಗಂಟೆಗೆ ಚೆನ್ನಬಸಮ್ಮ ಎದ್ದು ನಿಲ್ಲಬೇಕಿತ್ತು.

ಎಪ್ಪತ್ತರ ಮುದುಕಿ ಚೆನ್ನಬಸಮ್ಮ. ಮೆಟ್ರಿ ಹಳ್ಳಿಯ ಹೊಲ ತಮ್ಮಂದಿರಿಗೆ ಬಿಟ್ಟು ಚಿತ್ತವಾಡ್ಗಿಯಲ್ಲಿ ಒಂದು ಕೋಣೆ ಮಾಡಿಕೊಂಡು ಬತ್ತಿ ಹೊಸೆದು ಮಾರುತ್ತ ಗಟ್ಟಿಮುಟ್ಟಾಗಿದ್ದಳು. ಬಳಗದಲ್ಲಿ ಎಲ್ಲರಿಗಿಂತ ದೊಡ್ಡ ದನಿ ಅವಳದು. ಶ್ರಾವಣದ ಮೊದಲ ಸೋಮವಾರ ಇಪ್ಪತ್ತೇಳು ಮಂದಿಯೂ ವಿಭೂತಿ ಮುಟ್ಟಿ, ತಿಂಗಳು ಮುಗಿಯುವವರೆಗೆ ಬಂಡಿಯ ತಿನಿಸು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ್ದರು. ಮಾಡಿಸಿದವಳು ಗಂಗಾಂಬಿಕಾ. ಹೋದ ಸೋಮವಾರ ವಚನ ಹಾಡುತ್ತಿರುವಾಗ ಮುದುಕಿಯ ಬಟ್ಟೆಚೀಲದಿಂದ ಕೆಂಪಗೆ ಏನೋ ಸೋರಿ ಜಮಖಾನದ ಮೇಲೆ ಹರಿಯಿತು. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿದ ಗೋಬಿ ಪಾರ್ಸಲ್ಲು. ಇಡೀ ಹಾಲ್ ತುಂಬ ವಾಸನೆ. ಗಂಗಾಂಬಿಕಾ ಎದ್ದಳು, ಆ ಪಾರ್ಸಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು, ಹೊರಗಿನ ಕಸದ ಡಬ್ಬಿಗೆ ಎಸೆದು ಬಂದಳು. "ವಯಸ್ಸಾದೋರು ನೀವು, ನಿಮಗೇ ನಾಲಿಗಿ ಮ್ಯಾಲ ಹಿಡಿತ ಇಲ್ಲಂದ್ರ ಹೆಂಗ್ರಿ? ಮುಂದಿನ ಸೋಮವಾರ ಎಲ್ಲಾರ ಮುಂದ ಎದ್ದು ನಿಂತು ತಪ್ಪಾತು ಅನ್ರಿ." ಮುದುಕಿ ಕಸದ ಡಬ್ಬಿಯ ಕಡೆಗೇ ನೋಡುತ್ತ ಒಂದೇ ಮಾತು ಅಂದಳು: "ಚೆಲ್ಲಬಾರದಿತ್ತವ್ವಾ." ಆ ಮಾತು ಎಂಟು ದಿನದಿಂದ ಗಂಗಾಂಬಿಕಾಳ ಕಿವಿಯಲ್ಲಿ ನೊಣದಂತೆ ಕೂತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಪಾರ್ಸಲ್ಲು ಎತ್ತಿದ ಗಳಿಗೆಯಲ್ಲೇ, ಬೆಳ್ಳುಳ್ಳಿಯ ವಾಸನೆಯಿಂದಲೇ, ಅದು ಬಸ್‌ಸ್ಟ್ಯಾಂಡಿನ ಹತ್ತಿರದ ಎರ್ರಿಯಪ್ಪನ ಬಂಡಿಯದು ಎಂದು ಅವಳಿಗೆ ಗೊತ್ತಾಗಿತ್ತು. ಅಷ್ಟು ಸಿಟ್ಟು ಬಂದದ್ದು ಆಣೆ ಮುರಿದರೆಂದಲ್ಲ. ತಾನು ಹದಿನೈದು ದಿನದಿಂದ ತಿಂದಿಲ್ಲ, ಈ ಮುದುಕಿ ತಿಂತಾಳಲ್ಲ ಎಂಬ ಹೊಟ್ಟೆಕಿಚ್ಚಿಗೆ. ಇದನ್ನು ಅವಳು ತನಗೆ ತಾನೇ ಸರಿಯಾಗಿ ಹೇಳಿಕೊಂಡದ್ದು ಈಗ, ನವಣೆ ಕುದಿಯುವ ಸದ್ದಿನಲ್ಲಿ.

ಊಟಕ್ಕೆ ಕೂತಳು. ನವಣೆ ಅನ್ನ, ಮೆಂತ್ಯಪಲ್ಲೆ, ಮಜ್ಜಿಗೆ. ಉಂಡು, ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಎತ್ತಿ ಕುಡಿದಳು. ಮದುವೆಯಾಗಿ ಸಂಡೂರಿನಿಂದ ಬಂದ ಮೊದಲ ದಿನ ಅತ್ತೆ ಅಕ್ಕನಾಗಮ್ಮ ಕಲಿಸಿದ್ದು ಇದೊಂದೇ: "ಉಂಡದ್ದು ಅನ್ನ ಅಲ್ಲ, ಪ್ರಸಾದ. ತಾಟಿನ್ಯಾಗ ಒಂದಗುಳ ಬಿಟ್ರ ಶಿವನ್ನ ಬಿಟ್ಟಂಗ. ತೊಳಕೊಂಡು ಕುಡಿ." ತವರಿನಲ್ಲಿ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ಆವತ್ತು ಹದಿನೆಂಟರ ಸೊಸೆ ಎಲ್ಲರೆದುರು ಸಾರಿನ ನೀರು ಕುಡಿಯಲು ನಾಚಿ ಅತ್ತಿದ್ದಳು. ಅತ್ತೆ ತೀರಿಕೊಂಡು ಹತ್ತು ವರ್ಷವಾದರೂ ಕೈಗೆ ಆ ರೂಢಿ ಹೋಗಿರಲಿಲ್ಲ; ತಲೆ ಏನು ಯೋಚಿಸುತ್ತಿದ್ದರೂ ಕೈ ತನ್ನ ಪಾಡಿಗೆ ನೀರು ಹಾಕಿಕೊಳ್ಳುತ್ತಿತ್ತು. ಬಳಗದ ಬಿಳಿ ಸೀರೆ ಉಟ್ಟಳು. ಅದಿರು ಲಾರಿಗಳ ಕೆಂಪು ಧೂಳಿಗೆ ಎಲೆಯೆಲ್ಲ, ಗೋಡೆಯೆಲ್ಲ, ನಾಯಿಗಳೆಲ್ಲ ಕೆಂಪಾಗಿರುವ ಊರಲ್ಲಿ ಬಿಳಿ ಸೀರೆ ಉಡುವವರು ಬಳಗದವರೊಬ್ಬರೇ. ಮುಖಕ್ಕೆ ಸ್ಕಾರ್ಫು ಸುತ್ತಿಕೊಂಡಳು. ಅದು ಈಗ ಎಲ್ಲರೂ ಸುತ್ತುವುದೇ, ಕಣ್ಣೆರಡು ಬಿಟ್ಟು. "ಎರಡೂವರೀಗೇ ಹೊಂಟಿ?" ಎಂದ ಮಲ್ಲೇಶ, ಪೇಪರಿನ ಹಿಂದಿನಿಂದ. "ಜಮಖಾನ ಝಾಡಸೋದೈತಿ" ಎಂದಳು. ಮಲ್ಲೇಶ ನಂಬಿದ. ಅವನು ನಂಬಿದ್ದಕ್ಕೆ ಅವಳಿಗೆ ಅವನ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬಂತು.

ಬರೇ ನೋಡಿ ಬರುವುದು ಎಂದು ಆಟೋದಲ್ಲಿ ಕೂತಾಗ ಅಂದುಕೊಂಡಳು. ಮುಚ್ಚಿದ್ದರೆ ಶಿವನಿಚ್ಛೆ, ತೆರೆದಿದ್ದರೆ ಮುಂದೆ ಹೋಗುವುದು. ಬೇರೆ ಬಂಡಿಗಳು ಸಂಜೆಗೇ ತೆರೆಯುವುದು. ಎರ್ರಿಯಪ್ಪ ಮಾತ್ರ, ಹಿಂದೆ ಸಂಡೂರು ಗಣಿಯಲ್ಲಿ ಲಾರಿ ಓಡಿಸಿದವನಾದ್ದರಿಂದ, ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಂತ ಲಾರಿಗಳ ಡ್ರೈವರುಗಳಿಗೆ ಹಸಿವಾಗುವ ಹೊತ್ತು ಬಲ್ಲವನು. ತೆರೆದಿತ್ತು. ತೆರೆದೇ ಇರುತ್ತದೆ ಎಂದು ಅವಳಿಗೂ ಗೊತ್ತಿತ್ತು. ಕಾಲು ಇಳಿದವು, ಆಟೋ ಹೋಯಿತು, ಅವಳು ಏಳೆಂಟು ಡ್ರೈವರುಗಳ ನಡುವೆ ಬೆಳ್ಳಗೆ ನಿಂತಳು. ಸ್ಕಾರ್ಫಿನೊಳಗೆ ತುಟಿಗಳು ಹುಚ್ಚುಹುಚ್ಚಾಗಿ ನಗುತ್ತಿದ್ದವು. ಸ್ಕೂಲು ತಪ್ಪಿಸಿ ಸಂಡೂರಿನ ಗುಡ್ಡ ಹತ್ತಿದ ದಿನ ಹೀಗೇ ಆಗಿತ್ತು.

"ಹಾಫ್ ಏನು ಫುಲ್ಲಾ, ಅಕ್ಕಾರ?"

"ಫುಲ್ಲು" ಎಂದಿತು ಬಾಯಿ, ಅವಳನ್ನು ಕೇಳದೆ. "ಡ್ರೈ ಬ್ಯಾಡ, ಗ್ರೇವಿ ಮಾಡಪ್ಪ. ಮತ್ತ, ತಾಟಿನ ಮ್ಯಾಲ ಪ್ಲಾಸ್ಟಿಕ್ ಹಾಳಿ ಹಾಸಬ್ಯಾಡ. ಬಿಸಿ ಪದಾರ್ಥ ಹಾಕಿದ್ರ ಆರೋಗ್ಯಕ್ಕ ಒಳ್ಳೇದಲ್ಲ."

ಎರ್ರಿಯಪ್ಪ ಅವಳನ್ನೊಮ್ಮೆ ನೋಡಿದ, ಕೈಯಲ್ಲಿದ್ದ ಕೆಂಪು ಪುಡಿಯ ಚಮಚವನ್ನೊಮ್ಮೆ ನೋಡಿದ. ಆಮೇಲೆ ಹಾಕಿದ. ಸ್ಟೀಲಿನ ತಾಟು ಕೈಗೆ ಬಂತು. ಸ್ಕಾರ್ಫನ್ನು ಗಲ್ಲದವರೆಗೆ ಇಳಿಸಿ, ರಸ್ತೆಗೆ ಬೆನ್ನು ಮಾಡಿ, ಲೈಟಿನ ಕಂಬಕ್ಕೆ ಮುಖ ಮಾಡಿ ನಿಂತಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆಲ್ಲ ಕತ್ತಲೆಯಲ್ಲವೇ. ಮೊದಲ ತುಂಡು. ಹೊರಗೆ ಕರುಮ್, ಒಳಗೆ ಮೆತ್ತಗೆ, ನಾಲಿಗೆ ಸುಟ್ಟಿತು. ಸುಡಲಿ. ಎರಡನೆಯದಕ್ಕೆ ಬೆಳ್ಳುಳ್ಳಿ ಸಿಕ್ಕಿತು. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು, ಖಾರಕ್ಕೋ ಏನಕ್ಕೋ. ಮೈದಾ ಕರುಳಿಗೆ ಅಂಟುತ್ತದೆ, ಎಂದಿತು ಒಳಗಿನ ಅಧ್ಯಕ್ಷೆಯ ದನಿ. ಅಂಟಲಿ ತಾಯಿ, ಎಲ್ಲಿಗೂ ಹೋಗದೆ ಅಲ್ಲೇ ಇರಲಿ. ಪಕ್ಕದಲ್ಲಿ ಲಾರಿಯೊಂದು ಗುಡುಗಿ ಹೋಯಿತು, ಕೆಂಪು ಧೂಳು ಮೇಲೆದ್ದು ತಾಟಿನ ಮೇಲೂ ಒಂದಿಷ್ಟು ಬಿತ್ತು, ಅವಳು ಅದನ್ನೂ ತಿಂದಳು. ಅವಸರದಲ್ಲಿ ಒಂದು ತುಂಡು ಜಾರಿ ಸೆರಗಿನ ಅಂಚಿಗೆ ಬಡಿದು ಮತ್ತೆ ತಾಟಿಗೇ ಬಿದ್ದುದು ಗೊತ್ತಾಗಲೇ ಇಲ್ಲ. ಇಷ್ಟು ಸುಖವಾಗಿ ತಾನು ಯಾವ ವಚನವನ್ನೂ ಹಾಡಿಲ್ಲ ಎನಿಸಿತು. ಎನಿಸಿದ್ದಕ್ಕೆ ಹೆದರಿಕೆಯಾಗಿ, ಆ ಹೆದರಿಕೆಗೂ ನಗು ಬಂತು.

ತಾಟು ಖಾಲಿಯಾಯಿತು. ಕೈ ತನ್ನ ಪಾಡಿಗೆ ಬಂಡಿಯ ಮೇಲಿನ ಜಗ್ಗಿನಿಂದ ನೀರು ಹಾಕಿಕೊಂಡಿತು, ಬೆರಳು ಅಂಚಿನ ಸುತ್ತ ಹೋಯಿತು, ತಾಟು ಮೇಲೆದ್ದಿತು, ಕೆಂಪು ನೀರು ಗಂಟಲಿಗಿಳಿಯಿತು. ಡ್ರೈವರುಗಳು ತಿನ್ನುವುದು ಬಿಟ್ಟು ನೋಡಿದರು. ಎರ್ರಿಯಪ್ಪ ಮಾತ್ರ ಹಿಂದೆ ನೋಡಿದ್ದನ್ನೇ ಮತ್ತೆ ನೋಡಿದವನ ಹಾಗೆ ತಲೆಯಾಡಿಸಿದ.

"ನೀವೂ ಚೆನ್ನಬಸಮ್ಮಾರ ಕಡೇರೇನ್ರಿ? ಅಜ್ಜಿನೂ ಹಿಂಗ, ತೊಳಕೊಂಡು ಕುಡೀತಿತ್ತು. ನನ್ನ ತಾಟು ತೊಳಿಯೋ ಕೆಲಸಾನೇ ಇರ್ತಿರಲಿಲ್ಲ."

"ಕುಡೀತಿತ್ತು ಅಂದ್ರ? ಈಗ ಬರಂಗಿಲ್ಲೇನು?"

"ಬರಂಗಿಲ್ರಿ. ಯಾರೋ ದೊಡ್ಡ ಹೆಣಮಗಳು ಎಲ್ಲಾರ ಮುಂದ ಭಾಳ ಬೈದ್ರಂತ. ಪಾರ್ಸಲ್ ತೆಗದು ಕಸಕ್ಕ ಒಗದ್ರಂತ. 'ಬೈದದ್ದು ಇರ್ಲಿ ಎರ್ರಿಯಪ್ಪ, ಚೆಲ್ಲಿದ್ರಲ್ಲೋ' ಅಂತ ಅಜ್ಜಿ ಇಲ್ಲೇ ನಿಂತು ಕಣ್ಣೀರು ಹಾಕ್ತು."

ತಾಟು ಇನ್ನೂ ಅವಳ ಕೈಯಲ್ಲಿತ್ತು. ಏನೋ ಹೇಳಲು ತಿರುಗಿದಳು. ತಿರುಗಿದರೆ ಲಾರಿ ಸಾಲಿನಿಂದಾಗಿ ನಿಂತುಬಿಟ್ಟಿದ್ದ ಒಂದು ಆಟೋ, ಅದರೊಳಗೆ ಬಿಳಿ ಸೀರೆ, ಮಡಿಲಲ್ಲಿ ಬಟ್ಟೆಚೀಲ, ಸಭೆಗೆ ಹೊರಟ ಚೆನ್ನಬಸಮ್ಮ. ಮುದುಕಿಯ ಕಣ್ಣು ಅವಳ ಕೈಯಲ್ಲಿದ್ದ ತಾಟಿನ ಮೇಲಿತ್ತು, ಆಮೇಲೆ ಗಲ್ಲಕ್ಕಿಳಿದ ಸ್ಕಾರ್ಫಿನ ಮೇಲೆ, ಆಮೇಲೆ ಒದ್ದೆಯಾದ ಕೆಂಪು ತುಟಿಗಳ ಮೇಲೆ. ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಲಾರಿ ಸರಿಯಿತು, ಆಟೋ ಹೋಯಿತು.

ಗಂಗಾಂಬಿಕಾ ಬಳಗದ ಹಾಲಿನವರೆಗೆ ನಡೆದೇ ಹೋದಳು. ಮುದುಕಿ ಹೇಳುತ್ತಾಳೆ. ಯಾಕೆ ಹೇಳಬಾರದು? ತಾನಾಗಿದ್ದರೆ ಹೇಳುತ್ತಿದ್ದೆ, ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದೆ. ಹೊಟ್ಟೆನೋವು ಎಂದು ಮನೆಗೆ ಹೋಗಿಬಿಡಲೇ? ಹೊಟ್ಟೆ ಮಾತ್ರ ಬಹಳ ಸುಖವಾಗಿತ್ತು, ಅದೇ ಪೀಡೆ. ದಾರಿಯಲ್ಲಿ ಎರಡು ಏಲಕ್ಕಿ ಬಾಯಿಗೆ ಹಾಕಿಕೊಂಡಳು. ಬೆಳ್ಳುಳ್ಳಿ ಏಲಕ್ಕಿಯನ್ನು ಕಿಂಚಿತ್ತೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎಲ್ಲರೂ ಬಂದಿದ್ದರು. ಹೋದ ವಾರದ ಕಲೆ ಕಾಣದಂತೆ ಜಮಖಾನವನ್ನು ತಿರುಗಿಸಿ ಹಾಸಿದ್ದರು. ಚೆನ್ನಬಸಮ್ಮ ಗೋಡೆಗೊರಗಿ ಕೂತು ಎಲ್ಲರಿಗಿಂತ ದೊಡ್ಡ ದನಿಯಲ್ಲೇ ವಚನ ಹಾಡಿದಳು. ಗಂಗಾಂಬಿಕಾ ಬಾಯಾಡಿಸಿದಳಷ್ಟೇ, ಉಸಿರು ಬಿಡಲು ಭಯ. ಹಾಡು ಮುಗಿಯಿತು. ಕಾರ್ಯದರ್ಶಿ ತ್ರಿವೇಣಿ, ಮೂವತ್ತರ ಟೀಚರು, ಕನ್ನಡಕ ಸರಿಮಾಡಿಕೊಂಡು ಸಭೆಯ ನಡಾವಳಿ ಬರೆಯುವ ವಹಿ ತೆರೆಯಲು ಹೋದವಳು ನಿಂತಳು.

"ಅಕ್ಕಾರ, ನಿಮ್ಮ ಸೆರಗಿಗೆ ಏನೋ ಕೆಂಪಗ ಹತ್ತೈತ್ರಿ."

ಕುಂಬಳಕಾಯಿ ಕಳ್ಳನ ಕೈ ಹೆಗಲಿಗೆ ಹೋದ ಹಾಗೆ ಗಂಗಾಂಬಿಕಾಳ ಕೈ ಸೆರಗಿಗೆ ಹೋಯಿತು. ನಾಲ್ಕು ಬೆರಳಗಲ, ಬಿಳಿಯ ಮೇಲೆ ಕೆಂಪು, ನಡುವೆ ಒಂದು ಚೂರು ಬೆಳ್ಳುಳ್ಳಿ. ಇಪ್ಪತ್ತಾರು ಜೋಡಿ ಕಣ್ಣು. ಗೋಡೆಯ ಕಡೆಯಿಂದ ಚೆನ್ನಬಸಮ್ಮನ ದನಿ ಬಂತು.

"ಅದಿರಿನ ಧೂಳವ್ವಾ ಅದು, ಮತ್ತೇನು. ಬಸ್‌ಸ್ಟ್ಯಾಂಡಿನ ಕಡೆ ಲಾರಿ ಸಾಲು ನಿಂತೈತಿ, ನಾನೇ ನೋಡಿಕೋತ ಬಂದೀನಿ. ಬಿಳಿ ಸೀರಿ ಉಟ್ಟೋರನ್ನ ಆ ಧೂಳು ಬಿಡ್ತೈತೇನು?"

ಎಲ್ಲರೂ ಹೌದು ಹೌದು ಎಂದರು. ಒಬ್ಬಿಬ್ಬರು ತಮ್ಮ ಸೆರಗು ಜಾಡಿಸಿಕೊಂಡರು, ಲಾರಿಯವರನ್ನು ಬೈದರು. ಮುಗಿಯಿತು. ಇಷ್ಟು ಸುಲಭಕ್ಕೆ ಮುಗಿಯಿತು. ಗಂಗಾಂಬಿಕಾಳಿಗೆ ಕುಣಿಯಬೇಕೆನಿಸಿತು, ಮುದುಕಿಯ ಕಾಲಿಗೆ ಬೀಳಬೇಕೆನಿಸಿತು, ಅದರ ಹಿಂದೆಯೇ ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಮುದುಕಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯದೆ ಮುಚ್ಚಿಟ್ಟದ್ದನ್ನು ಎಲ್ಲಿ ಇಟ್ಟುಕೊಳ್ಳುವುದು?

"ಹಂಗಾರ ಚೆನ್ನಬಸಮ್ಮಾರ, ನೀವು ಏಳ್ರಿ" ಎಂದಳು ತ್ರಿವೇಣಿ, ವಹಿ ನೋಡುತ್ತ.

ಚೆನ್ನಬಸಮ್ಮ ಎದ್ದಳು. ಗೋಡೆಗೆ ಕೈಯೂರಿ, ಒಂದು ಮಂಡಿ, ಆಮೇಲೆ ಇನ್ನೊಂದು. ಎಲುಬು ಲಟಕ್ಕೆಂದ ಸದ್ದು ಇಡೀ ಹಾಲಿಗೆ ಕೇಳಿತು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಕೈ ಮುಗಿದು, ಎದುರಿಗೆ ಯಾರನ್ನೂ ನೋಡದೆ ಶುರು ಮಾಡಿದಳು: "ಎಲ್ಲಾರೂ ಕೇಳ್ರವ್ವಾ. ನಾನು ಆಣಿ ಮಾಡಿ..."

ಗಂಗಾಂಬಿಕಾಳ ಕೈ ಸೆರಗನ್ನು ಹಿಡಿದೇ ಇತ್ತು. ತಲೆ ಇನ್ನೂ ಏನು ಮಾಡಲಿ ಎಂದು ಕೇಳುತ್ತಿತ್ತು; ಕೈ ಕೇಳಲಿಲ್ಲ. ಸೆರಗಿನ ಅಂಚು ಮೇಲೆದ್ದಿತು, ಬಾಯಿಗೆ ಹೋಯಿತು. ಇಪ್ಪತ್ತಾರು ಹೆಂಗಸರ ಮುಂದೆ, ಅಕ್ಕನ ಬಳಗದ ಅಧ್ಯಕ್ಷೆ ತನ್ನ ಬಿಳಿ ಸೆರಗಿನ ಕೆಂಪನ್ನು ಬೆಳ್ಳುಳ್ಳಿಯ ಚೂರಿನ ಸಮೇತ ಚೀಪಿದಳು. ಒಮ್ಮೆ ಚೀಪಿ, ನೋಡಿ, ಇನ್ನೂ ಉಳಿದಿದೆಯೆಂದು ಮತ್ತೊಮ್ಮೆ ಚೀಪಿದಳು. ತ್ರಿವೇಣಿಯ ಕೈಯಿಂದ ವಹಿ ಜಾರಿತು.

"ಧೂಳಲ್ರಿ ಇದು" ಎಂದಳು, ಎದ್ದು ನಿಂತು. ದನಿಯಲ್ಲಿದ್ದದ್ದು ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. "ಗೋಬಿ. ಫುಲ್ ಪ್ಲೇಟು. ಈಗ ಒಂದು ತಾಸಿನ ಹಿಂದ. ಹಂಪಿ ಉತ್ಸವದಾಗ ರುಚಿ ಹತ್ತಿದ್ದು, ನಾಕು ವರ್ಷದಿಂದ ತಿಂತೀನಿ. ಚೆನ್ನಬಸಮ್ಮಾರ, ನೀವು ಕುಂದ್ರಿ. ನಿಮ್ಮದನ್ನ ನಾನು ಚೆಲ್ಲಬಾರದಿತ್ತು."

ಚೆನ್ನಬಸಮ್ಮ ಕೂರಲಿಲ್ಲ. ಅಷ್ಟು ಕಷ್ಟಪಟ್ಟು ಎದ್ದಿದ್ದಳು, ಅಷ್ಟು ಬೇಗ ಹೇಗೆ ಕೂರುತ್ತಾಳೆ? ಗಂಗಾಂಬಿಕಾಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು, ಒದ್ದೆಯಾದ ಸೆರಗನ್ನು ನೋಡಿದಳು, ಮುಗಿದ ಕೈ ಬಿಟ್ಟಳು.

"ಈಚೀಚಿಗೆ ಬೆಳ್ಳುಳ್ಳಿ ಕಮ್ಮಿ ಹಾಕಾಕ ಹತ್ತಿದ್ದ ಆ ಎರ್ರಿಯಪ್ಪ" ಎಂದಳು, ತೀರಾ ಮನೆಯ ಮಾತು ಎಂಬಂತೆ. "ಇವತ್ತು ಹೆಂಗಿತ್ತವ್ವಾ?"

ಗಂಗಾಂಬಿಕಾ ತುಟಿ ಒರೆಸಿಕೊಂಡಳು. ಈ ಹಾಲಿನಲ್ಲಿ ನಿಂತು ಊಟದ ಬಗ್ಗೆ ಅವಳು ಎಷ್ಟೋ ನೂರು ತಾಸು ಮಾತಾಡಿದ್ದಳು.

"ಬೆಳ್ಳುಳ್ಳಿ ಭಾಳ ಇತ್ರಿ" ಎಂದಳು. "ಭಾಳ ಚಲೋ ಇತ್ತು."